ಅಮೆರಿಕದ ಹಳೆಯ ಕಲೋನಿಯಲ್ ಮನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಸ್ಟನ್ ಕಡೆ ನೆಂಟರು ಬಂದರೆ ಒಂದು ದಿನ ಹಳೆಯ ಮನೆ ತೋರಿಸುವುದು ಇದ್ದೇ ಇರುತ್ತದೆ. ಒಳಗೆ ಕಾಲಿಟ್ಟ ಐದು ನಿಮಿಷಕ್ಕೆ ಪ್ರಶ್ನೆ ಶುರು. ಚಾವಣಿ ಇಷ್ಟು ತಗ್ಗು ಯಾಕೆ, ಕಿಟಕಿ ಇಷ್ಟು ಚಿಕ್ಕದು ಯಾಕೆ, ಮೇಲಿನ ಅಂತಸ್ತು ಮುಂದಕ್ಕೆ ಚಾಚಿಕೊಂಡಿದೆಯಲ್ಲ ಯಾಕೆ. ಅದನ್ನೇ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳುತ್ತೇನೆ. ಈ ಮನೆಗಳ ಬಗ್ಗೆ ಓಡಾಡುವ ಕತೆಗಳಲ್ಲಿ ಕೇಳಲು ತುಂಬಾ ಸ್ವಾರಸ್ಯವಾಗಿರುವವು ಬಹುಪಾಲು ಸುಳ್ಳು. ನಿಜವಾದ ಕಾರಣ ಹುಡುಕಿದರೆ ಸಿಗುವುದು ಬಡಗಿಯ ರೂಢಿ, ಚಳಿ, ಇಲ್ಲವೇ ದುಡ್ಡು.

ಕಲೋನಿಯಲ್ ಅಂದರೆ ಯಾವ ಕಾಲದ್ದು?

ಇಂಗ್ಲಿಷರು 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ನೆಲೆ ಊರಿದಲ್ಲಿಂದ 1776ರ ಸ್ವಾತಂತ್ರ್ಯ ಘೋಷಣೆಯವರೆಗೆ ಅಂತ ಇಟ್ಟುಕೊಳ್ಳಿ. ಹತ್ತಿರ ಹತ್ತಿರ 170 ವರ್ಷ. ಅಷ್ಟು ಕಾಲ ಒಂದೇ ತರಹದ ಮನೆ ಕಟ್ಟಿಕೊಂಡು ಕೂತಿರುವುದಿಲ್ಲ, ಅಲ್ವಾ? ಅಂದಾಜು 1700ಕ್ಕೆ ಒಂದು ಗೆರೆ ಎಳೆಯಿರಿ. ಅದಕ್ಕಿಂತ ಹಿಂದಿನವು ಇಂಗ್ಲೆಂಡಿನ ಹಳ್ಳಿ ಬಡಗಿಗಳು ತಲೆಯಲ್ಲಿಟ್ಟುಕೊಂಡು ಬಂದ ಮನೆಗಳು. ಆಮೇಲಿನವು ನಿಧಾನಕ್ಕೆ ಪುಸ್ತಕ ನೋಡಿ ಕಟ್ಟಿದ ಮನೆಗಳಾದವು. ನನಗೆ ಇಷ್ಟ ಮೊದಲನೆಯವು, ಹಾಗಾಗಿ ಇಲ್ಲಿ ಅವುಗಳ ಮಾತೇ ಜಾಸ್ತಿ.

ನಮ್ಮ ಮನೆ ಕಟ್ಟಿ ಮೂವತ್ತು ವರ್ಷವೂ ಆಗಿಲ್ಲ. ಏಜೆಂಟ್ ಅದನ್ನೂ ಕಲೋನಿಯಲ್ ಅಂದರು. ಹೇಗೆ?

ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್ ಕಡೆ ಮನೆ ಕೊಳ್ಳುವ ನಮ್ಮ ಕನ್ನಡದವರೆಲ್ಲ ಒಂದು ಸಲ ಕೇಳುವ ಪ್ರಶ್ನೆ ಇದು. ಏಜೆಂಟರ ಭಾಷೆಯಲ್ಲಿ ಕಲೋನಿಯಲ್ ಅಂದರೆ ಎರಡು ಅಂತಸ್ತು, ನಡುವೆ ಬಾಗಿಲು, ಎರಡೂ ಕಡೆ ಸಮನಾಗಿ ಕಿಟಕಿ, ಮಲಗುವ ಕೋಣೆಗಳು ಮೇಲೆ. ಅಷ್ಟೇ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ದೇಶಕ್ಕೆ ನೂರು ತುಂಬಿದ ದೊಡ್ಡ ಪ್ರದರ್ಶನ ನಡೆಯಿತು. ಆ ಹೊತ್ತಿನಿಂದ ಜನಕ್ಕೆ ಹಳೆಯದರ ಮೇಲೆ ಮೋಹ ಹತ್ತಿತು. 1926ರಿಂದ ಕೋಟ್ಯಧಿಪತಿ ರಾಕ್‌ಫೆಲ್ಲರ್ ಜೂನಿಯರ್ ದುಡ್ಡು ಹಾಕಿ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ಊರನ್ನೇ ಹಳೆಯ ರೂಪಕ್ಕೆ ತಂದ ಮೇಲಂತೂ ಬಿಲ್ಡರುಗಳಿಗೆ ಅದೇ ಮಾದರಿಯಾಯಿತು. ನಿಮ್ಮ ಮನೆ ಆ ವಂಶದ್ದು. ಹಳೆಯ ಮನೆಯ ಮೊಮ್ಮಗನ ಮೊಮ್ಮಗ ಅನ್ನಬಹುದು, ಮುಖದ ಹೋಲಿಕೆ ಇದೆ, ಮೂಳೆ ಬೇರೆ.

ನಿಜವಾದ ಹಳೆಯ ಮನೆಯಲ್ಲಿ ಮೊದಲು ಏನು ನೋಡಬೇಕು?

ಚಿಮಣಿ. ರಸ್ತೆಯಲ್ಲೇ ನಿಂತು ಅದು ಎಲ್ಲಿದೆ ನೋಡಿ.

ನ್ಯೂ ಇಂಗ್ಲೆಂಡ್‌ನಲ್ಲಾದರೆ, ಅಂದರೆ ಮ್ಯಾಸಚೂಸೆಟ್ಸ್ ಮತ್ತು ಅದರ ಸುತ್ತಲಿನ ಈಶಾನ್ಯ ರಾಜ್ಯಗಳಲ್ಲಿ, ಅದು ಮಾಡಿನ ನಟ್ಟನಡುವೆ ದಪ್ಪಗೆ ಕೂತಿರುತ್ತದೆ. ಒಳಗೆ ಹೋದರೆ ಗೊತ್ತಾಗುತ್ತದೆ, ಅದರ ಬುಡ ಒಂದು ಕೋಣೆಯಷ್ಟು ಜಾಗ ನುಂಗಿದೆ. ಎಡಗಡೆ ಕೋಣೆಯ ಅಗ್ಗಿಷ್ಟಿಕೆ, ಬಲಗಡೆಯದು, ಮೇಲಿನ ಎರಡು ಕೋಣೆಯದು, ಎಲ್ಲದರ ಹೊಗೆಯೂ ಆ ಒಂದೇ ಗೂಡಿನಿಂದ ಹೊರಗೆ ಹೋಗಬೇಕು. ಕಲ್ಲು, ಇಟ್ಟಿಗೆ ಒಮ್ಮೆ ಕಾದರೆ ಗಂಟೆಗಟ್ಟಲೆ ಬಿಸಿ ಬಿಡುತ್ತಿರುತ್ತವೆ. ಆ ಬಿಸಿ ಮನೆಯ ಹೊಟ್ಟೆಯೊಳಗೇ ಉಳಿಯಲಿ ಅಂತ ನಡುವೆ ಇಟ್ಟರು.

ವರ್ಜೀನಿಯಾ, ಮೇರಿಲ್ಯಾಂಡ್ ಕಡೆ ಇದು ಉಲ್ಟಾ. ಚಿಮಣಿ ಎರಡೂ ತುದಿಯ ಗೋಡೆಗೆ, ಎಷ್ಟೋ ಕಡೆ ಹೊರಮೈಗೆ ಅಂಟಿಕೊಂಡಿರುತ್ತದೆ. ಅಲ್ಲಿನ ಬೇಸಿಗೆ ಸೆಕೆಯಲ್ಲಿ ಮನೆ ನಡುವೆ ಬೆಂಕಿ ಯಾರಿಗೆ ಬೇಕು? ರೋಡ್ ಐಲೆಂಡ್‌ನಲ್ಲಿ ಮೂರನೆಯ ತರಹ. ಮನೆಯ ಒಂದು ತುದಿಯ ಗೋಡೆ ಪೂರ್ತಿ ಕಲ್ಲಿನದು, ಅದೇ ಚಿಮಣಿ, ಉಳಿದ ಮೂರು ಗೋಡೆ ಮರದವು. ಲಿಂಕನ್ ಊರಿನ ಎಲಿಯೇಜರ್ ಆರ್ನಾಲ್ಡ್ ಮನೆ, 1693ರದು, ಇದಕ್ಕೆ ಒಳ್ಳೆಯ ಉದಾಹರಣೆ. ಕಾರಣ ನೆಲದಲ್ಲೇ ಇತ್ತು. ಆ ಸುತ್ತಮುತ್ತ ಸುಣ್ಣದ ಕಲ್ಲು ಸಿಗುತ್ತಿತ್ತು, ಗಾರೆ ಸುಲಭ. ಮ್ಯಾಸಚೂಸೆಟ್ಸ್‌ನವರು ಸುಣ್ಣಕ್ಕೆ ಚಿಪ್ಪು ಸುಡಬೇಕಿತ್ತು, ಇಲ್ಲವೇ ಮಣ್ಣಲ್ಲೇ ಇಟ್ಟಿಗೆ ಕೂರಿಸಬೇಕಿತ್ತು.

ತೀರಾ ಮೊದಲಿನ ವರ್ಷಗಳಲ್ಲಿ ಚಿಮಣಿಯನ್ನೂ ಮರದಲ್ಲೇ ಮಾಡಿ ಒಳಗೆ ಮಣ್ಣು ಮೆತ್ತುತ್ತಿದ್ದರು. ಮೇಲೆ ಹುಲ್ಲಿನ ಮಾಡು. ಆಮೇಲೇನು ಆಗಿರಬಹುದು ಅಂತ ನೀವೇ ಊಹಿಸಿ. 1631ರಲ್ಲಿ ಬಾಸ್ಟನ್‌ನಲ್ಲಿ ಮನೆಗೆ ಬೆಂಕಿ ಬಿದ್ದ ಮೇಲೆ ಮರದ ಚಿಮಣಿಯೂ ಬೇಡ, ಹುಲ್ಲಿನ ಮಾಡೂ ಬೇಡ ಅಂತ ಆಳುವವರು ಕಟ್ಟುನಿಟ್ಟು ಮಾಡಿದರು. ಹುಲ್ಲು ಹೋಗಿ ಹಂಚಿನ ಹಾಗೆ ಹೊದಿಸುವ ಮರದ ಚಕ್ಕೆ, ಅಂದರೆ ಶಿಂಗಲ್ ಬಂತು, ಆದರೆ ಹುಲ್ಲಿಗೆ ಬೇಕಾಗಿದ್ದ ಕಡಿದಾದ ಇಳಿಜಾರು ಹಾಗೇ ಉಳಿಯಿತು. ಹಿಮ ಜಾರಿ ಬೀಳಲಿ ಅಂತ ಮಾಡಿದ್ದು ಅಂತ ಗೈಡ್ ಹೇಳಬಹುದು. ಹಿಮಕ್ಕೂ ಅನುಕೂಲವಾಯಿತು, ಅಷ್ಟೇ.

ಒಳಗೆ ಎಷ್ಟು ಕೋಣೆ?

ಕೆಳಗೆ ಎರಡು. ಮುಂಬಾಗಿಲು ತೆಗೆದರೆ ಎದುರಿಗೆ ಚಿಮಣಿಯ ಬೆನ್ನು, ಅದಕ್ಕೆ ಒರಗಿದ ಹಾಗೆ ಇಕ್ಕಟ್ಟಾದ ಮೆಟ್ಟಿಲು. ಒಂದು ಕಡೆ ಹಾಲ್, ಇನ್ನೊಂದು ಕಡೆ ಪಾರ್ಲರ್. ಹಾಲ್ ಅಂದರೆ ನಮ್ಮ ಈಗಿನ ಹಾಲ್ ಅಲ್ಲ. ಅಡುಗೆ, ಊಟ, ನೂಲುವುದು, ಮಕ್ಕಳ ಗಲಾಟೆ ಎಲ್ಲ ಅಲ್ಲೇ. ಪಾರ್ಲರ್‌ನಲ್ಲಿ ಮನೆಯ ಅತ್ಯಂತ ಒಳ್ಳೆಯ ಸಾಮಾನು ಇರುತ್ತಿತ್ತು. ಆ ಒಳ್ಳೆಯ ಸಾಮಾನು ಏನು ಗೊತ್ತಾ? ಯಜಮಾನನ ಮಂಚ ಮತ್ತು ಹಾಸಿಗೆ. ಬಂದವರನ್ನು ಮಂಚ ಇರುವ ಕೋಣೆಯಲ್ಲೇ ಕೂರಿಸುತ್ತಿದ್ದರು.

ಹಾಲ್‌ನ ಅಗ್ಗಿಷ್ಟಿಕೆ ಎಂಟಡಿ ಅಗಲ ಇದ್ದರೂ ಆಶ್ಚರ್ಯವಿಲ್ಲ. ಒಳಗಡೆ ಅಡ್ಡಡ್ಡ ಒಂದು ಹಸಿ ಮರದ ಕೋಲು, ಅದಕ್ಕೆ ಪಾತ್ರೆ ನೇತು ಹಾಕುವುದು. ಕೋಲು ಒಣಗಿ ಸುಟ್ಟರೆ ಊಟ ಬೂದಿಯಲ್ಲಿ. ಆಮೇಲೆ ಕಬ್ಬಿಣದ ತಿರುಗುವ ಕೈ ಬಂತು. ಹಿಂಗೋಡೆಯಲ್ಲಿ ಒಂದು ಕಪ್ಪು ಗುಂಡಿ ಕಂಡರೆ ಅದು ಬ್ರೆಡ್ ಸುಡುವ ಗೂಡು.

ಮರದ ಕೆಲಸದ ಬಗ್ಗೆ ಹೇಳಿ. ಮೊಳೆಯೇ ಇಲ್ಲವಂತೆ, ನಿಜಾನಾ?

ಪೂರ್ತಿ ನಿಜವಲ್ಲ. ಮನೆಯ ಎಲುಬುಗೂಡಿಗೆ ಮೊಳೆ ಇಲ್ಲ, ಹಲಗೆ ಹೊಡೆಯಲು ಮೊಳೆ ಬೇಕೇ ಬೇಕಿತ್ತು.

ಎಲುಬುಗೂಡು ಓಕ್ ಮರದ್ದು. ಒಂದು ತೊಲೆಯ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ, ಇನ್ನೊಂದರ ತೂತಿಗೆ ತೂರಿಸಿ, ಅಡ್ಡಕ್ಕೆ ಮರದ ಗೂಟ ಹೊಡೆಯುವುದು. ಹಸಿ ಓಕ್‌ನಲ್ಲೇ ಕೆಲಸ ಮಾಡುತ್ತಿದ್ದರು, ಒಣಗುತ್ತಾ ಹೋದ ಹಾಗೆ ಕೀಲು ಬಿಗಿಯಾಗುತ್ತದೆ. ಎಲ್ಲ ತುಂಡುಗಳನ್ನೂ ನೆಲದ ಮೇಲೆ ಜೋಡಿಸಿ ನೋಡಿ, ಯಾವುದು ಯಾವುದಕ್ಕೆ ಅಂತ ಉಳಿಯಲ್ಲಿ ರೋಮನ್ ಅಂಕಿ ಕೊರೆದು, ಬಿಚ್ಚಿ, ಆಮೇಲೆ ಊರಿನವರನ್ನೆಲ್ಲ ಕರೆದು ಎತ್ತಿ ನಿಲ್ಲಿಸುವುದು. ಅಟ್ಟಕ್ಕೆ ಹತ್ತಲು ಬಿಟ್ಟರೆ ಟಾರ್ಚ್ ಹಿಡಿದು ಹುಡುಕಿ, ಆ ಗುರುತು ಈಗಲೂ ಕಾಣುತ್ತವೆ. ರೋಮನ್ ಯಾಕೆ ಅಂದರೆ ಉಳಿಗೆ ನೇರ ಗೆರೆ ಸುಲಭ, 8, 9ರಂಥ ಬಾಗಿದ ಅಂಕಿ ಕೊರೆಯುವುದು ಕಷ್ಟ.

ಕೋಣೆಯ ನಡುವೆ ತಲೆಯ ಮೇಲೆ ಹಾದುಹೋಗುವ ದಪ್ಪ ತೊಲೆಗೆ ಸಮ್ಮರ್ ಬೀಮ್ ಅಂತ ಹೆಸರು. ಬೇಸಿಗೆಗೂ ಅದಕ್ಕೂ ಸಂಬಂಧವಿಲ್ಲ. ಹೊರೆ ಹೊರುವ ಪ್ರಾಣಿಗೆ ಹಳೆಯ ಫ್ರೆಂಚ್‌ನಲ್ಲಿದ್ದ ಮಾತು ಸವೆದು ಹಾಗಾಗಿದೆ. ಅದರ ಅಂಚನ್ನು ಓರೆಯಾಗಿ ತೆಗೆದು ತುದಿಯಲ್ಲಿ ಚಿಕ್ಕ ಕೆತ್ತನೆ ಮಾಡಿರುತ್ತಾರೆ. ಆ ತೊಲೆಯನ್ನು ಮುಚ್ಚುವ ಯೋಚನೆಯೇ ಅವರಿಗಿರಲಿಲ್ಲ, ನೋಡಲಿ ಅಂತಲೇ ಮಾಡಿದ್ದು. ಮುಂದೆ 1700ರ ನಂತರದ ಮಕ್ಕಳು ಮೊಮ್ಮಕ್ಕಳು ಅದನ್ನು ಹಲಗೆ, ಗಾರೆ ಹಾಕಿ ಮುಚ್ಚಿದರು, ಅಜ್ಜನ ಮನೆ ಹಳ್ಳಿಗಾಡಿನದಾಗಿ ಕಂಡಿತು ಅಂತ.

ಇನ್ನು ಮೊಳೆ. ಒಂದೊಂದನ್ನೂ ಕಮ್ಮಾರ ಕೈಯಲ್ಲಿ ಬಡಿದು ಮಾಡಬೇಕಾಗಿದ್ದರಿಂದ ಬೆಲೆ ಜಾಸ್ತಿ. ವರ್ಜೀನಿಯಾದಲ್ಲಿ ಜಮೀನು ಬಿಟ್ಟು ಬೇರೆ ಕಡೆ ಹೋಗುವವರು ಮೊಳೆಗೋಸ್ಕರ ಮನೆಗೇ ಬೆಂಕಿ ಇಟ್ಟು ಬೂದಿಯಲ್ಲಿ ಆರಿಸಿಕೊಳ್ಳುತ್ತಿದ್ದರು. 1645ರಲ್ಲಿ ಕಾನೂನು ಬಂತು: ಸುಡಬೇಡಿ, ಮನೆಯಲ್ಲಿ ಎಷ್ಟು ಮೊಳೆ ಇರಬಹುದು ಅಂತ ಇಬ್ಬರು ಲೆಕ್ಕ ಹಾಕುತ್ತಾರೆ, ಅಷ್ಟು ಮೊಳೆ ನಿಮಗೆ ಕೊಡುತ್ತೇವೆ. ಇದು ಕಟ್ಟುಕತೆ ತರಹ ಕೇಳಿಸುತ್ತದೆ, ಆದರೆ ಕಾನೂನು ದಾಖಲೆಯಲ್ಲೇ ಇದೆ.

ಗೋಡೆಗೆ ಹೊರಗಡೆಯಿಂದ ಹಲಗೆ ಯಾಕೆ?

ಇಂಗ್ಲೆಂಡಿನಲ್ಲಿ ಅವರು ಕಂಬಗಳ ನಡುವೆ ತಡಿಕೆ ಕಟ್ಟಿ ಮಣ್ಣು ಮೆತ್ತುತ್ತಿದ್ದರು, ನಮ್ಮ ತಡಿಕೆ ಗೋಡೆಯ ಹಾಗೇ. ಇಲ್ಲೂ ಮೊದಲು ಅದನ್ನೇ ಮಾಡಿದರು. ಇಲ್ಲಿಯ ಚಳಿಗೆ, ಬಿರುಮಳೆಗೆ ಮಣ್ಣು ಬಿರುಕು ಬಿಟ್ಟು ಉದುರಿತು. ಕಾಡಿನ ತುಂಬಾ ಮರ ಇತ್ತು. ಓಕ್ ಸೀಳಿ ತೆಳು ಹಲಗೆ ಮಾಡಿ, ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಹತ್ತಿಸಿ ಹೊಡೆದರು. ಅದೇ ಕ್ಲ್ಯಾಪ್‌ಬೋರ್ಡ್. ಒಳಗೆ ಹಳೆಯ ಮಣ್ಣಿನ ಗೋಡೆ, ಇಟ್ಟಿಗೆ ತುಂಬಿದ್ದು ಈಗಲೂ ಸಿಗುತ್ತದೆ.

ಕಿಟಕಿ ಯಾಕೆ ಅಷ್ಟು ಚಿಕ್ಕದು?

ಗಾಜು ಹಡಗಿನಲ್ಲಿ ಇಂಗ್ಲೆಂಡಿನಿಂದ ಬರಬೇಕಿತ್ತು. ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಲ್ಲಿ ನೆಲೆಸಿದ ಎಡ್ವರ್ಡ್ ವಿನ್ಸ್ಲೋ 1621ರಲ್ಲಿ ಇಂಗ್ಲೆಂಡಿಗೆ ಬರೆದ ಪತ್ರದಲ್ಲಿ, ಬರುವವರು ಕಿಟಕಿಗೆ ಅಂತ ಕಾಗದ ಮತ್ತು ಅಗಸೆ ಎಣ್ಣೆ ತನ್ನಿ ಅಂತ ಹೇಳಿದ್ದಾನೆ. ಎಣ್ಣೆ ಹಚ್ಚಿದ ಕಾಗದದಲ್ಲಿ ಬೆಳಕು ಮಬ್ಬಾಗಿ ಬರುತ್ತದೆ, ಹೊರಗಿನದೇನೂ ಕಾಣುವುದಿಲ್ಲ. ಗಾಜು ಬಂದ ಮೇಲೂ ದೊಡ್ಡ ತುಂಡು ಇರಲಿಲ್ಲ. ಅಂಗೈಯಷ್ಟು ವಜ್ರದಾಕಾರದ ಚೂರುಗಳನ್ನು ಸೀಸದ ಪಟ್ಟಿಯಲ್ಲಿ ಹಿಡಿಸಿ, ಬಾಗಿಲಿನ ಹಾಗೆ ಪಕ್ಕಕ್ಕೆ ತೆಗೆಯುವ ಕಿಟಕಿ ಮಾಡುತ್ತಿದ್ದರು. ಮೇಲೆ ಕೆಳಗೆ ಸರಿಯುವ ಸ್ಯಾಶ್ ಕಿಟಕಿ ಇಲ್ಲಿಗೆ ಬಂದದ್ದು 1700ರ ಆಸುಪಾಸಿನಲ್ಲಿ. ಹಳೆಯ ಮನೆಗಳವರೂ ಹಳೆಯದನ್ನು ಕಿತ್ತು ಅದನ್ನೇ ಹಾಕಿಸಿಕೊಂಡರು, ಹಾಗಾಗಿ ಈಗ ನೀವು ನೋಡುವ ವಜ್ರದ ಗಾಜು ಬಹುತೇಕ ಇಪ್ಪತ್ತನೇ ಶತಮಾನದ ರಿಪೇರಿಯದು.

1767ರಲ್ಲಿ ಬ್ರಿಟಿಷರು ಚಹಾದ ಜೊತೆ ತೆರಿಗೆ ಹಾಕಿದ ಸಾಮಾನುಗಳ ಪಟ್ಟಿ ನೋಡಿದ್ದೀರಾ? ಗಾಜು, ಸೀಸ, ಬಣ್ಣ, ಕಾಗದ. ಮನೆ ಕಟ್ಟುವವನಿಗೆ ಅದು ಬರೆ. 1770ರಲ್ಲಿ ಚಹಾ ಒಂದನ್ನು ಬಿಟ್ಟು ಉಳಿದದ್ದರ ತೆರಿಗೆ ತೆಗೆದರು. ಚಹಾದ ಕತೆ ಮುಂದೆ ಬಾಸ್ಟನ್ ಬಂದರಿನ ನೀರಿಗೆ ಚಹಾ ಸುರಿಯುವಲ್ಲಿಗೆ ಹೋಯಿತು.

ಮೇಲಿನ ಅಂತಸ್ತು ಮುಂದಕ್ಕೆ ಚಾಚಿರುವುದು ಇಂಡಿಯನ್ನರ (ಅಮೆರಿಕದ ಮೂಲನಿವಾಸಿಗಳ) ಮೇಲೆ ಗುಂಡು ಹಾರಿಸಲು ಅಂತೆ?

ಅಲ್ಲ. ಈ ಕತೆ ಸಾಯುವುದೇ ಇಲ್ಲ. ಇಂಗ್ಲೆಂಡಿನಲ್ಲಿ ಇವರು ಹೊರಡುವ ಎಷ್ಟೋ ಮೊದಲಿನಿಂದ ಮನೆಗಳನ್ನು ಹಾಗೆ ಚಾಚಿ ಕಟ್ಟುತ್ತಿದ್ದರು. ಅಲ್ಲಿ ಯಾವ ಇಂಡಿಯನ್ನರಿದ್ದರು? ಬಡಗಿಗೆ ಗೊತ್ತಿದ್ದ ರೂಢಿ, ನೋಡಲೂ ಚೆಂದ, ಮನೆಯವನ ಅಂತಸ್ತೂ ಊರಿಗೆ ಗೊತ್ತಾಗುತ್ತದೆ. ಟಾಪ್ಸ್‌ಫೀಲ್ಡ್‌ನ ಪಾರ್ಸನ್ ಕೇಪನ್ ಮನೆ, 1683ರದು, ನೋಡಿ. ಚಾಚಿನ ಕೆಳಗೆ ಕೆತ್ತಿದ ಮರದ ಗುಂಡುಗಳು ಜೋತಾಡುತ್ತವೆ. ಯುದ್ಧಕ್ಕೆ ಕಟ್ಟಿದವನು ಕುಸುರಿ ಕೆಲಸಕ್ಕೆ ದುಡ್ಡು ಹಾಕುತ್ತಾನಾ? ಆಮೇಲೆ ಬಿಲ್ಡರುಗಳು ಈ ತರಹದ ಹೊಸ ಮನೆಗೆ ಗ್ಯಾರಿಸನ್ (ಅಂದರೆ ಸೈನಿಕರ ಠಾಣೆ) ಕಲೋನಿಯಲ್ ಅಂತ ಹೆಸರಿಟ್ಟು ಸುಳ್ಳನ್ನು ಇನ್ನಷ್ಟು ಗಟ್ಟಿ ಮಾಡಿದರು.

ಸಾಲ್ಟ್‌ಬಾಕ್ಸ್ ಮನೆ ಅಂದರೆ ಏನು? ತೆರಿಗೆ ತಪ್ಪಿಸಲು ಕಟ್ಟಿದ್ದಾ?

ಮುಂದೆ ಎರಡು ಅಂತಸ್ತು, ಹಿಂದೆ ಒಂದೇ. ಮಾಡಿನ ಹಿಂಭಾಗ ಉದ್ದಕ್ಕೆ ಇಳಿದು ನೆಲದ ಹತ್ತಿರಕ್ಕೆ ಬಂದಿರುತ್ತದೆ. ಅಡುಗೆಮನೆ ಗೋಡೆಗೆ ತೂಗುಹಾಕುತ್ತಿದ್ದ ಓರೆ ಮುಚ್ಚಳದ ಉಪ್ಪಿನ ಪೆಟ್ಟಿಗೆಯ ಹಾಗೆ ಕಾಣುತ್ತದೆ ಅಂತ ಆ ಹೆಸರು. ರಾಣಿ ಆನ್ ಎರಡು ಅಂತಸ್ತಿಗೆ ತೆರಿಗೆ ಹಾಕಿದಳು, ಅದಕ್ಕೆ ಜನ ಹೀಗೆ ಕಟ್ಟಿ ಯಾಮಾರಿಸಿದರು ಅನ್ನುವುದು ಸುಮ್ನೆ ಕತೆ, ಅಂಥ ತೆರಿಗೆಗೆ ದಾಖಲೆಯಿಲ್ಲ. ನಡೆದದ್ದು ಇಷ್ಟು: ಮನೆಯಲ್ಲಿ ಮಕ್ಕಳಾದವು, ಜಾಗ ಸಾಲದಾಯಿತು, ಹಿತ್ತಲ ಕಡೆ ಒಂದು ಇಳಿಮಾಡು ಎಳೆದು ಅಡುಗೆಮನೆಯನ್ನು ಅಲ್ಲಿಗೆ ಒಯ್ದರು. ಎಷ್ಟು ಅನುಕೂಲವಾಯಿತು ಅಂದರೆ ಆಮೇಲೆ ಕಟ್ಟುವವರು ಮೊದಲಿಂದಲೇ ಹಾಗೆ ಕಟ್ಟಿದರು. ಮುಂಭಾಗ ದಕ್ಷಿಣದ ಬಿಸಿಲಿಗೆ, ತಗ್ಗಿದ ಬೆನ್ನು ಉತ್ತರದ ಚಳಿಗಾಳಿಗೆ. ಅಟ್ಟದಲ್ಲಿ ಎರಡು ಬೇರೆ ಬೇರೆ ಇಳಿಜಾರಿನ ಮರ ಜೋಡಿಸಿದ್ದು ಕಂಡರೆ ಹಿಂಭಾಗ ಆಮೇಲೆ ಸೇರಿಸಿದ್ದು, ಒಂದೇ ಉದ್ದ ಮರವಾದರೆ ಮೊದಲಿನಿಂದ ಇದ್ದದ್ದು. ಇದು ನನ್ನ ಅಚ್ಚುಮೆಚ್ಚಿನ ಪರೀಕ್ಷೆ.

ಚಾವಣಿ ಇಷ್ಟು ತಗ್ಗು, ಆಗಿನವರು ಕುಳ್ಳಗಿದ್ದರಾ?

ಇಲ್ಲ. ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ, ಇಲ್ಲೇ ಹುಟ್ಟಿದ ಸೈನಿಕರ ಸರಾಸರಿ ಎತ್ತರ ಸುಮಾರು 5 ಅಡಿ 8 ಇಂಚು. ನನಗಿಂತ ಉದ್ದ! ಚಾವಣಿ ತಗ್ಗಿದ್ದಷ್ಟೂ ಕೋಣೆ ಬೇಗ ಬೆಚ್ಚಗಾಗುತ್ತದೆ, ಸೌದೆ ಉಳಿಯುತ್ತದೆ.

ಮರದ ದಿಮ್ಮಿ ಅಡ್ಡಡ್ಡ ಪೇರಿಸಿದ ಲಾಗ್ ಕ್ಯಾಬಿನ್ ಯಾಕೆ ಎಲ್ಲೂ ಕಾಣುವುದಿಲ್ಲ?

ಪ್ಲಿಮತ್‌ನಲ್ಲಿ ಮೊದಲು ನೆಲೆಸಿದ ಇಂಗ್ಲಿಷರು, ಅಂದರೆ ಪಿಲ್ಗ್ರಿಮ್‌ಗಳು, ಅದನ್ನು ಕಟ್ಟಲೇ ಇಲ್ಲ, ಅವರಿಗೆ ಆ ವಿದ್ಯೆ ಗೊತ್ತಿರಲಿಲ್ಲ. ಅದನ್ನು ತಂದವರು 1638ರಿಂದ ಡೆಲವೇರ್ ನದಿಯ ಬಳಿ ನೆಲೆಸಿದ ಸ್ವೀಡಿಷ್ ಮತ್ತು ಫಿನ್ನಿಷ್ ಜನ. ಶಾಲೆಯ ಚಿತ್ರಗಳಲ್ಲಿ ಪ್ಲಿಮತ್‌ಗೆ ಲಾಗ್ ಕ್ಯಾಬಿನ್ ಬರೆದವರಿಂದ ಈ ಗೊಂದಲ.

ದಕ್ಷಿಣದ ಮನೆಗಳು ಎಷ್ಟು ಬೇರೆ?

ತುಂಬಾ. ವರ್ಜೀನಿಯಾದಲ್ಲಿ ಹೊಗೆಸೊಪ್ಪಿಗೇ ಎಲ್ಲ ದುಡ್ಡು, ಮನೆಗೆ ಖರ್ಚು ಮಾಡುತ್ತಿರಲಿಲ್ಲ. ಬಹುತೇಕ ಜನ ಕಂಬವನ್ನು ನೇರ ಮಣ್ಣಿಗೆ ಹೂತು ಮನೆ ಕಟ್ಟಿದರು. ಕಂಬ ಕೊಳೆಯಿತು, ಮನೆ ಬಿತ್ತು. ಅದಕ್ಕೇ ಆ ಕಾಲದವು ಅಲ್ಲಿ ಹೆಚ್ಚು ಉಳಿದಿಲ್ಲ, ಮಣ್ಣಿನಲ್ಲಿ ಕಂಬದ ಕುಳಿಯ ಗುರುತು ಮಾತ್ರ ಸಿಗುತ್ತದೆ. ಉಳಿದ ದೊಡ್ಡ ಹೆಸರು ಸರ‍್ರಿ ಕೌಂಟಿಯ ಬೇಕನ್ಸ್ ಕ್ಯಾಸಲ್, 1665ರ ಇಟ್ಟಿಗೆ ಮನೆ. ತುದಿಗೋಡೆಯ ಬಾಗುಬಳುಕು, ಓರೆಯಾಗಿ ನಿಂತ ಮೂರು ಮೂರು ಚಿಮಣಿ, ಇಂಗ್ಲೆಂಡಿನಿಂದ ಕಿತ್ತು ತಂದ ಹಾಗಿದೆ. 1676ರಲ್ಲಿ ನೆಥಾನಿಯಲ್ ಬೇಕನ್ ಗವರ್ನರ್ ವಿರುದ್ಧ ಎಬ್ಬಿಸಿದ ದಂಗೆಯಲ್ಲಿ ಅವನ ಕಡೆಯವರು ಅಲ್ಲಿ ಬೀಡು ಬಿಟ್ಟಿದ್ದರು, ಬೇಕನ್ ಅಲ್ಲಿ ವಾಸ ಮಾಡಿದವನಲ್ಲ.

ಅಡುಗೆಮನೆ ಅಲ್ಲಿ ಬೇರೆ ಕಟ್ಟಡ. ಸೆಕೆ, ಬೆಂಕಿಯ ಭಯ ಅಂತ ಗೈಡ್ ಹೇಳುತ್ತಾರೆ. ಅದೂ ಹೌದು, ಆದರೆ ಅಡುಗೆ ಮಾಡುತ್ತಿದ್ದವರು ಗುಲಾಮರು, ಅವರ ಮೈಬೆವರು ಯಜಮಾನರ ಕಣ್ಣಿಗೆ ಬೀಳಬಾರದು ಅನ್ನುವುದೂ ಹೌದು. ಎಷ್ಟೋ ಕಡೆ ಅವರು ಮಲಗುತ್ತಿದ್ದದ್ದು ಆ ಅಡುಗೆಮನೆಯ ಅಟ್ಟದಲ್ಲೇ. ಇದು ದಕ್ಷಿಣದ ಮಾತು ಮಾತ್ರ ಅಂತ ಅಂದುಕೊಳ್ಳಬೇಡಿ. ಬಾಸ್ಟನ್ ಪಕ್ಕದ ಮೆಡ್‌ಫರ್ಡ್‌ನಲ್ಲಿ ರಾಯಲ್ ಅನ್ನುವ ಮನೆತನದವರ ಮನೆ ಇದೆ, ಅದರ ಗುಲಾಮರ ಬಿಡಾರವೂ ಪಕ್ಕದಲ್ಲೇ ನಿಂತಿದೆ. ಮುಂಬಾಗಿಲ ಕೆತ್ತನೆ ನೋಡಿದಷ್ಟೇ ಹೊತ್ತು ಅದನ್ನೂ ನೋಡಿ.

ಅಲ್ಲೇ ವರ್ಜೀನಿಯಾದ ಯಾರ್ಕ್‌ಟೌನ್‌ನಲ್ಲಿ ನೆಲ್ಸನ್ ಮನೆಯ ಇಟ್ಟಿಗೆ ಗೋಡೆಯಲ್ಲಿ ಸ್ವಾತಂತ್ರ್ಯ ಯುದ್ಧದ ಕಾಲದ, 1781ರ ಫಿರಂಗಿ ಗುಂಡಿನ ಗಾಯಗಳಿವೆ. ಅಲ್ಲಿ ಸೋತು ಶರಣಾದವನು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್. ಹನ್ನೊಂದು ವರ್ಷ ಕಳೆದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ತೆಗೆದುಕೊಂಡವನೂ ಅದೇ ಕಾರ್ನ್‌ವಾಲಿಸ್. ಮೈಸೂರಿನ ಕಡೆಯವರಿಗೆ ಆ ಗೋಡೆಯ ಮುಂದೆ ನಿಂತರೆ ಬೇರೆ ತರಹ ಅನಿಸುತ್ತದೆ.

ಇಂಗ್ಲಿಷರು ಮಾತ್ರವಾ?

ಇಲ್ಲ. ನ್ಯೂಯಾರ್ಕ್ ಕಡೆ ಡಚ್ಚರು. ಬ್ರೂಕ್ಲಿನ್‌ನ ವೈಕಾಫ್ ಮನೆ ಸುಮಾರು 1652ರದು. ಅಡ್ಡಕ್ಕೆ ಎರಡು ಭಾಗವಾಗಿ ತೆಗೆಯುವ ಬಾಗಿಲು ಅವರದು, ಮೇಲಿನ ಅರ್ಧ ತೆಗೆದರೆ ಗಾಳಿ ಬೆಳಕು, ಕೆಳಗಿನ ಅರ್ಧ ಮುಚ್ಚಿದ್ದರೆ ಹಂದಿ ಒಳಗೆ ಬರುವುದಿಲ್ಲ. ಬಾಗಿಲ ಮುಂದಿನ ಜಗಲಿಗೆ ನ್ಯೂಯಾರ್ಕಿನವರು ಈಗಲೂ ಸ್ಟೂಪ್ ಅನ್ನುತ್ತಾರೆ, ಅದೂ ಡಚ್ ಮಾತು. ಪೆನ್ಸಿಲ್ವೇನಿಯಾದಲ್ಲಿ ಜರ್ಮನ್ನರ ಕಲ್ಲಿನ ಮನೆಗಳು, ಲ್ಯಾಂಕಾಸ್ಟರ್ ಬಳಿ 1719ರ ಹಾನ್ಸ್ ಹೆರ್ ಮನೆ ನೋಡಬಹುದು. ಸಾಂಟಾ ಫೆಯ ಸ್ಪಾನಿಷ್ ಮಣ್ಣಿಟ್ಟಿಗೆ ಮನೆಗಳಿಗೆ ಬೇರೆಯೇ ಪುರಾಣ ಬೇಕು.

ಎಡಬಲ ಸಮ ಇರುವ ಭರ್ಜರಿ ಮನೆಗಳು ಯಾವಾಗ ಬಂದವು?

1700ರ ನಂತರ. ದುಡ್ಡು ಬಂತು, ಇಂಗ್ಲೆಂಡಿನಿಂದ ಮಾದರಿ ಪುಸ್ತಕಗಳು ಬಂದವು. ನಡುವಿನ ಚಿಮಣಿ ಹೋಗಿ ಅಲ್ಲಿ ಅಗಲವಾದ ನಡುಹಾದಿ ಬಂತು, ಚಿಮಣಿ ಎರಡಾಗಿ ಅತ್ತಿತ್ತ ಸರಿದವು. ಬಾಗಿಲಿಗೆ ಕಿರೀಟ ಬಂತು. ಜಾರ್ಜ್ ವಾಷಿಂಗ್ಟನ್‌ನ ಮನೆ ಮೌಂಟ್ ವರ್ನನ್ ಕಲ್ಲಿನದು ಅಂದುಕೊಂಡು ಜನ ಫೋಟೊ ತೆಗೆಯುತ್ತಾರೆ. ಅದು ಪೈನ್ ಹಲಗೆ! ಕಲ್ಲಿನ ಹಾಗೆ ಅಂಚು ಕೊರೆದು, ಹಸಿ ಬಣ್ಣದ ಮೇಲೆ ಮರಳು ಎರಚಿದ್ದಾರೆ.

ಒಂದೇ ದಿನ ಇದೆ. ಯಾವುದು ನೋಡಲಿ?

ಬಾಸ್ಟನ್‌ನಲ್ಲಿದ್ದರೆ ಡೆಡಮ್‌ನ ಫೇರ್‌ಬ್ಯಾಂಕ್ಸ್ ಮನೆ. ತೊಲೆಗಳ ಬೆಳವಣಿಗೆಯ ಉಂಗುರ ಎಣಿಸಿ ನೋಡಿದಾಗ 1637ರಿಂದ 1641ರೊಳಗೆ ಕಟ್ಟಿದ್ದು ಅಂತ ತಿಳಿಯಿತು. ಉತ್ತರ ಅಮೆರಿಕದಲ್ಲಿ ಈಗಲೂ ನಿಂತಿರುವ ಮರದ ಚೌಕಟ್ಟಿನ ಮನೆಗಳಲ್ಲಿ ಎಲ್ಲಕ್ಕಿಂತ ಹಳೆಯದು ಅದೇ. ಎಂಟು ತಲೆಮಾರು ಒಂದೇ ಮನೆತನ ಬಾಳಿದ ಮನೆ. ಸೊಟ್ಟಗಾಗಿದೆ, ನೆಲ ಇಳಿಜಾರಾಗಿದೆ, ಮಾಡು ನಡುವೆ ಬಾಗಿದೆ. ಪಾಲಿಶ್ ಮಾಡಿಟ್ಟ ಮನೆಗಳಿಗಿಂತ ನನಗೆ ಇದೇ ಮೇಲು. ಊರೊಳಗೇ ಸುತ್ತುವವರಿಗೆ ಸ್ವಾತಂತ್ರ್ಯ ಹೋರಾಟದ ವೀರ ಪಾಲ್ ರಿವೀರ್ ಮನೆ ಸಾಕು, ಸುಮಾರು 1680ರದು, ಅವನು ಕೊಂಡದ್ದು 1770ರಲ್ಲಿ. ಚಳಿಗಾಲದಲ್ಲಿ ಇಂಥ ಮನೆಗಳು ಹಲವು ಮುಚ್ಚಿರುತ್ತವೆ, ಫೋನ್ ಮಾಡಿ ಹೋಗಿ. ಬಾಗಿಲ ಹತ್ತಿರ ತಲೆ ಜೋಪಾನ.